ಮೊದಲು ನೀರು ಹೋಗಲಿ

ಮೂರು ದಿನ ಕಿರುನೆಲ್ಲಿ ಅರೆದು ಕುಡಿಸಿದರು,
ಜೊತೆಗೆ ಉಪ್ಪಿಲ್ಲದ ಗಂಜಿ.
ಕಣ್ಣು ಅರಿಶಿನ, ಉಚ್ಚೆ ಡಿಕಾಕ್ಷನ್ನು.
ನಾಲ್ಕನೆಯ ರಾತ್ರಿ ಮೂರು ಕಂಬಳಿ ಹೊದ್ದರೂ
ಮಂಚವೇ ಗಡಗಡ.
ಮೈಸೂರಿಗೆ ಒಯ್ಯುವ ಆಂಬುಲೆನ್ಸಿನಲ್ಲಿ
ಕೆಂಪಾಜಮ್ಮನದು ಒಂದೇ ಮಾತು:
"ಇನ್ನೂ ಶ್ರೀರಂಗಪಟ್ಟಣವೇ ದಾಟಲಿಲ್ಲವಲ್ಲ."

ಪಿತ್ತದ ಕಾಲುವೆಗೆ ಕಲ್ಲು ಸಿಕ್ಕಿದೆ ಎಂದರು.
ಕಾಲುವೆ ಎಂದದ್ದೇ ತಡ
ಜ್ವರದಲ್ಲೂ ಕಿವಿ ನಿಮಿರಿತು.
ಮೂವತ್ತೊಂದು ವರ್ಷದ ನೀರುಗಂಟಿ ನಾನು,
ತೂಬಿನ ಬೀಗದ ಕೈ
ನನ್ನ ಉಡಿದಾರದಲ್ಲೇ ತುಕ್ಕು ಹಿಡಿದದ್ದು.

ಅಳಿಯ ಮಾದೇಶ ಕೂಗಾಡಿದ:
"ಕಲ್ಲಿದೆ ಅಂತ ಗೊತ್ತಾದ ಮೇಲೆ ಈಗಲೇ ತೆಗೀರಿ,
ಬೆಳಗಾಗೋ ತನಕ ಏನು ಮುಹೂರ್ತ ನೋಡ್ತೀರಾ?"
ಡಾಕ್ಟರ್ ಮುಬೀನಾ ದನಿ ಏರಿಸಲಿಲ್ಲ.
"ಬಿಪಿ ಎಂಬತ್ತಕ್ಕೆ ಇಳಿದಿದೆ. ಈಗ ಮತ್ತು ಬರಿಸಿದರೆ
ಕಲ್ಲು ಸಿಗಬಹುದು, ಇವರು ಸಿಗದಿರಬಹುದು.
ಮೊದಲು ಸಲೈನು, ಆಂಟಿಬಯೋಟಿಕ್ಕು.
ರಕ್ತ ತೆಳುವಾಗುವ ಮಾತ್ರೆ ಬೇರೆ ನುಂಗುತ್ತಾರೆ.
ಬಿಪಿ ನಿಂತರೆ ಬೆಳಿಗ್ಗೆ. ಔಷಧಿಗೆ ಬಗ್ಗದಿದ್ದರೆ
ನಡುರಾತ್ರಿಯೇ. ನಾನು ಮನೆಗೆ ಹೋಗುವುದಿಲ್ಲ."

ಅಳಿಯನಿಗೆ ಅರ್ಥವಾಗಲಿಲ್ಲ. ನನಗಾಯಿತು.
ಒಂದು ಶ್ರಾವಣ, ತುಂಬಿದ ಕಟ್ಟೆಯ ಗೇಟು
ಒಂದೇ ಎಳೆತಕ್ಕೆ ಎತ್ತಿ
ಕೆಳಗಿನ ಎಂಟು ಗದ್ದೆ ಕೊಚ್ಚಿಸಿದವನು ನಾನೇ.
ಇನ್ನೊಂದು ವರ್ಷ,
ಏರಿ ಜಿನುಗುವ ಸದ್ದು ಕೇಳಿಯೂ
ನಾಳೆ ನೋಡೋಣವೆಂದು ಮಗ್ಗುಲು ಬದಲಿಸಿದವನೂ ನಾನೇ.
ಎರಡಕ್ಕೂ ಬೈಗುಳ ಒಂದೇ.

ರಕ್ತ ಸೋರಬಹುದು, ಕರುಳು ತೂತಾಗಬಹುದು,
ಮೇದೋಜೀರಕ ಊದಿಕೊಳ್ಳಬಹುದು.
ಕೆಂಪಾಜಮ್ಮ ಕಾಗದವನ್ನೆಲ್ಲ ಓದಿಸಿಕೊಂಡಳು.
"ಮಾಡದೇ ಇದ್ದರೆ?" ಎಂದಳು.
ಡಾಕ್ಟರು ಕನ್ನಡಕ ತೆಗೆದು ಒರೆಸಿದರು, ಅಷ್ಟೇ.
ಅವಳು ಹೆಬ್ಬೆಟ್ಟು ಒತ್ತಿ
ಉಳಿದ ಮಸಿಯನ್ನು ಸೆರಗಿಗೆ ಉಜ್ಜಿಕೊಂಡಳು.

ರಾತ್ರಿಯಿಡೀ ಹನಿ ಎಣಿಸಿದೆ.
ತೊಂಬತ್ತು. ತೊಂಬತ್ತೆಂಟು. ನೂರಾ ಆರು.
ಏಳು ಗಂಟೆಗೆ ಗಾಲಿಮಂಚ ಹೊರಟಿತು.

ಎಚ್ಚರವಾಗಿ ಕೇಳಿದೆ: "ಕಲ್ಲೆಲ್ಲಿ? ನೋಡಬೇಕು."
"ಅಲ್ಲೇ ಇದೆ," ಎಂದರು.
"ಪಕ್ಕದಲ್ಲಿ ಸಣ್ಣ ಕೊಳವೆ ಇಟ್ಟೆ, ಕೀವು ಹರಿದುಹೋಯಿತು.
ಇವತ್ತಿಗೆ ಇಷ್ಟು ಸಾಕು. ಕಲ್ಲಿಗೆ
ಆರು ವಾರ ಬಿಟ್ಟು ಬನ್ನಿ."

ಅರ್ಧ ಕೆಲಸವೆಂದು ಮಾದೇಶ ಮುಖ ಸಪ್ಪೆ ಮಾಡಿದ.
ನಾನು ನಕ್ಕೆ, ಹೊಟ್ಟೆ ನೋಯಿತು.
ಮೊದಲು ನೀರು ಹೋಗಲಿ,
ಹೂಳು ಬೇಸಿಗೆಯಲ್ಲಿ ತೆಗೆದರಾಯಿತು:
ಈ ಮಾತು ಎಷ್ಟು ಇಂಜಿನಿಯರುಗಳಿಗೆ ಹೇಳಿ
ಬೈಸಿಕೊಂಡಿದ್ದೆ!

ಮರೆತು ಕೂತರೆ ಕೊಳವೆಯೂ ಕಟ್ಟುತ್ತದಂತೆ.
ಅದಕ್ಕೇ ತಾರೀಖಿನ ಚೀಟಿಯನ್ನು
ತೂಬಿನ ಬೀಗದ ಕೈ ಜೊತೆ
ಗಂಟು ಹಾಕಿಟ್ಟಿದ್ದೇನೆ.