ಪಾಳಿ ಪುಸ್ತಕ

ಕಿಟಕಿಯಾಚೆ ಮೈನಸ್ ಮೂವತ್ತೊಂದು.
ಉಲಾನ್‌ಬಾತರಿನ ಹೊಗೆ ಗುಡ್ಡದ ಬುಡದಲ್ಲಿ ಕೂತಿದೆ
ಏಳುವ ಮನಸ್ಸಿಲ್ಲದ ನೆಂಟನಂತೆ.
ಒಳಗೆ, ನನ್ನ ಮೊಣಕಾಲ ಮುಂದೆ,
ಎಪ್ಪತ್ನಾಲ್ಕು, ಎಪ್ಪತ್ತೈದು, ಮತ್ತೆ ಎಪ್ಪತ್ನಾಲ್ಕು:
ಪರದೆಯ ಮೂಲೆಯಲ್ಲೊಂದು ಹಸಿರು ಅಂಕಿ
ಉಸಿರಾಡುತ್ತಿದೆ.

ನಾರಾನ್‌ತೂಲ್ ಸಂತೆಯಲ್ಲಿ ಕೊಂಡ ಹಳೆಯ ಲ್ಯಾಪ್‌ಟಾಪು.
ಎಡ ಮೂಲೆ ಸೀಳಿತ್ತು, ಡಬ್ಲ್ಯೂ ಕೀಲಿ ಸವೆದಿತ್ತು,
ಹಿಂದಿನ ಒಡೆಯ ಯಾರೋ, ಬರೀ ಮುಂದಕ್ಕೇ ಓಡಿದವನು.
ಬೆನ್ನು ಬಿಚ್ಚಿದರೆ ಫ್ಯಾನಿನ ಬಾಯ್ತುಂಬ
ಯಾವ ಮನೆಯದೋ ನಾಯಿಯ ಬಿಳಿ ಕೂದಲು.
ಹಲ್ಲುಜ್ಜುವ ಬ್ರಷ್ಷಿನಿಂದ ಗುಡಿಸಿದೆ.
ಒಣಗಿ ಸುಣ್ಣವಾದ ಪೇಸ್ಟು ಕೆರೆದು ಹೊಸದು ಬಳಿದೆ,
ರೊಟ್ಟಿಗೆ ಕೆನೆ ಸವರಿದಷ್ಟು, ಅಷ್ಟೇ.

ಆಮೇಲೆ ಏರಿಸತೊಡಗಿದೆ.
ವೋಲ್ಟೇಜು ಮುಟ್ಟಲಿಲ್ಲ,
ಅದು ಪಕ್ಕದ ಮನೆಯವರ ಔಷಧಿ ಕುಡಿದ ಹಾಗೆ.
ವೇಗ ಮಾತ್ರ, ಸಲಕ್ಕೆ ಇಪ್ಪತ್ತೈದು ಮೆಗಾಹರ್ಟ್ಸ್.
ಆಟದ ಕಾಡಿನಲ್ಲಿ ಹತ್ತು ನಿಮಿಷ ಕುದುರೆ ಓಡಿಸು,
ಅಂಕಿ ನೋಡು, ಬರೆದಿಡು, ಮತ್ತೆ ಇಪ್ಪತ್ತೈದು.
ನೂರು ದಾಟಿತು. ನೂರಿಪ್ಪತ್ತೈದಕ್ಕೂ ಸೈ ಅಂದಿತು.
ನೂರೈವತ್ತಕ್ಕೆ ಆಕಾಶದಿಂದ
ನೇರಳೆ ಚೌಕಗಳು ಉದುರಿದವು ಪುಟಪುಟ,
ಕುದುರೆಗೆ ಐದನೆಯ ಕಾಲು ಮೂಡಿತು,
ಪರದೆ ಕಪ್ಪು.

ಬೇಕರಿಯ ಮೂರು ತಿಂಗಳ ಸಂಬಳ
ಕತ್ತಲಲ್ಲಿ ನನಗೆ ನನ್ನ ಮುಖವನ್ನೇ ತೋರಿಸಿತು.
ಆಮೇಲೆ ತಾನೇ ಎದ್ದಿತು, ಏನೂ ನಡೆದೇ ಇಲ್ಲವೆಂಬಂತೆ,
ನಾನು ಏರಿಸಿದ್ದನ್ನೆಲ್ಲ ಮರೆತು.

ಅಷ್ಟರಲ್ಲಿ ಅಪ್ಪ ಬಂದ ರಾತ್ರಿ ಪಾಳಿ ಮುಗಿಸಿ,
ಹುಬ್ಬಿನ ಮೇಲೆ ಮಂಜು, ಉಗುರಲ್ಲಿ ಕಲ್ಲಿದ್ದಲು.
ಊರಿಗೆಲ್ಲ ಬಿಸಿನೀರು ಕಳಿಸುವ ಸ್ಥಾವರದಲ್ಲಿ
ಇಪ್ಪತ್ತೆರಡು ಚಳಿಗಾಲ ಬಾಯ್ಲರಿನ ಮುಳ್ಳು ನೋಡಿದವನು ಜಿಗ್ಜಿದ್.
ಆಟಗೀಟ ಅವನಿಗೆ ತಿಳಿಯದು.
ನನ್ನ ನೋಟ್‌ಬುಕ್ಕಿನಲ್ಲಿ ಬೆರಳಿಟ್ಟು ಇಳಿದ,
ಎಡಕ್ಕೆ ವೇಗ, ಬಲಕ್ಕೆ ಬಿಸಿ, ಪಕ್ಕದಲ್ಲಿ ಗಂಟೆ.
"ಇದು ನಮ್ಮ ಪಾಳಿ ಪುಸ್ತಕ ಕಣೇ, ಅನುಜಿನ್."
ಸ್ವಲ್ಪ ತಡೆದು,
"ಈ ಎಂಬತ್ತೆಂಟು ಎಲ್ಲಿಂದ ಬಂತು?"

ಕೆಳಗಿನಿಂದ ಬಂದಿತ್ತು.
ಅಜ್ಜಿ ಬಡಿದು ಮಾಡಿದ ಉಣ್ಣೆಯ ಹಾಸು, ಎರಡು ಬೆರಳು ದಪ್ಪ,
ಬಿಸಿಯನ್ನು ಹೋಗಗೊಡದಿರುವುದೇ ಅದರ ಕಸುಬು.
ಅದರ ಮೇಲೆ ಕೂರಿಸಿದ್ದೆ ನಾನು,
ಹೊಟ್ಟೆಯಡಿಯಲ್ಲಿ ಮೂಗಿರುವ ಯಂತ್ರವನ್ನು.
ಅಪ್ಪ ಬೈಯಲಿಲ್ಲ. ಪೆಟ್ಟಿಗೆ ತಡಕಿ
ಕುರಿಯ ಕಾಲ್ಗಂಟಿನ ಮೂಳೆ ನಾಲ್ಕು ತಂದ.
ಚಿಕ್ಕವಳಿದ್ದಾಗ ನಾನು ಚಿಮ್ಮಿ ಆಡಿದವು,
ಒಂದಕ್ಕೆ ಇನ್ನೂ ಕೆಂಪು ಬಣ್ಣ ಅಂಟಿತ್ತು.
ಮರದ ಹಲಗೆ, ನಾಲ್ಕು ಮೂಲೆಗೆ ನಾಲ್ಕು ಮೂಳೆ,
ಮೇಲೆ ಲ್ಯಾಪ್‌ಟಾಪು.
ಎಂಬತ್ತೆಂಟು ಎಂಬತ್ತೆರಡಾಯಿತು.

"ಜನವರಿಯಲ್ಲಿ ಅಳೆದದ್ದು ಜನವರಿಯ ಮಾತು.
ಜುಲೈಯನ್ನು ಕೇಳಿದ್ದೀಯಾ?"
ಸೂಪು ಊದುತ್ತ ಅಂದ.
ನಾನು ಹುಟ್ಟುವ ಮುಂಚೆ, ಮೂರನೆಯ ಬಾಯ್ಲರಿನ ಮುಳ್ಳು
ರಾತ್ರಿಯೆಲ್ಲ ಒಂದೇ ಕಡೆ ನಿಂತಿತ್ತಂತೆ.
ಎಲ್ಲರಿಗೂ ನೆಮ್ಮದಿ. ಸತ್ತದ್ದು ಮುಳ್ಳು.
ಆ ಕಥೆಯನ್ನು ಯಾವಾಗಲೂ ಅಲ್ಲಿಗೇ ನಿಲ್ಲಿಸುತ್ತಾನೆ,
ಎಡಗೈಯ ತೋಳು ಮಣಿಕಟ್ಟಿನವರೆಗೆ ಎಳೆದುಕೊಂಡು.

ನೂರಿಪ್ಪತ್ತೈದು ತಾಳುತ್ತದೆ, ಗೊತ್ತು.
ಎಪ್ಪತ್ತೈದಕ್ಕೆ ಇಳಿಸಿ ಸೇವ್ ಮಾಡಿದೆ.
ಇಷ್ಟೆಲ್ಲ ಮಾಡಿ ದಕ್ಕಿದ್ದು
ಸೆಕೆಂಡಿಗೆ ನಾಲ್ಕು ಚಿತ್ರ.
ಕಣ್ಣಿಗೆ ಕಾಣದು. ಕುದುರೆಗೆ ಗೊತ್ತಾಗಿರಬಹುದು.

ಮಲಗುವ ಮುನ್ನ ಅಪ್ಪ ಬಗ್ಗಿ
ಪರದೆಯ ಮೂಲೆಗೆ ಉಗುರಿನಿಂದ ಎರಡು ಸಲ ತಟ್ಟಿದ,
ಗಾಜಿನೊಳಗಿನ ಮುಳ್ಳಿಗೆ ತಟ್ಟುವ ಹಾಗೆ.
ಎಪ್ಪತ್ತೇಳು ಎಪ್ಪತ್ತೆಂಟಾಯಿತು.
"ಹ್ಞೂಂ, ಜೀವ ಇದೆ" ಎಂದು
ನಾನು ಎಳೆದು ಹಾಕಿದ್ದ ಉಣ್ಣೆಯ ಹಾಸನ್ನು
ತನ್ನ ಬೆನ್ನಿನಡಿ ಹಾಸಿ, ಗೋಡೆಗೆ ತಿರುಗಿದ.