ಮೂವತ್ತಾರನೇ ಹಲ್ಲು

ಆರು ತುಂಬುವಾಗ ಅದು ಹುಟ್ಟುತ್ತದೆ,
ಯಾವ ಹಾಲುಹಲ್ಲನ್ನೂ ಬೀಳಿಸದೆ, ಎಲ್ಲಕ್ಕಿಂತ ಹಿಂದೆ,
ತಡವಾಗಿ ಬಂದವರು ಬಾಗಿಲ ಬಳಿಯೇ ಕೂರುವ ಹಾಗೆ.
ಮನೆಯಲ್ಲಿ ಯಾರೂ ಗಮನಿಸುವುದಿಲ್ಲ.
‘ಬಿದ್ದೋಗೊ ಹಲ್ಲು, ಬುಡಿ ಡಾಕ್ಟ್ರೇ.’
ಬೀಳುವುದಿಲ್ಲ. ಅಗಿಯುವುದೆಲ್ಲ ಇನ್ನು ಅದರದೇ.

ಕೆರಗೋಡಿನ ಶಾಲೆಯ ಜಗಲಿ.
ಪ್ಲಾಸ್ಟಿಕ್ ಕುರ್ಚಿಯನ್ನು ಗೋಡೆಗೆ ಒರಗಿಸಿ
ಚುಂಚಶ್ರೀಯ ಬಾಯಿಗೆ ಟಾರ್ಚು ಬಿಟ್ಟೆ.
ಹಲ್ಲಿನ ನೆತ್ತಿಯಲ್ಲಿ ಬಿರುಕು, ಬ್ರಷ್ಷಿನ ಎಳೆಗಿಂತ ಕಿರಿದು,
ಅದರೊಳಗೆ ಬೆಳಗಿನ ಬೆಲ್ಲ.
ಉಜ್ಜಿದೆ. ಆಸಿಡ್ಡಿನ ನೀಲಿ ಜೆಲ್ ಇಟ್ಟು ಮೂವತ್ತು ಎಣಿಸಿದೆ.
ತೊಳೆದು ಗಾಳಿ ಊದಿದರೆ
ಹೊಳಪೆಲ್ಲ ಹೋಗಿ ಸೀಮೆಸುಣ್ಣದ ಬಿಳಿ.
ಅಷ್ಟು ಬಿಳಿಯಾದರೆ ಮಾತ್ರ ಅಂಟು ಬೇರು ಬಿಡುತ್ತದೆ.
‘ಮೂವತ್ತಾರು’ ಎಂದೆ, ಬರೆದುಕೊಳ್ಳುವವಳಿಗೆ.
ಹುಡುಗಿ ಟಪ್ಪೆಂದು ಬಾಯಿ ಮುಚ್ಚಿದಳು:
‘ನಂಗಿರಾದೇ ಇಪ್ಪತ್ಮೂರು. ಎಣ್ಸಿವ್ನಿ. ಒಂದು ಬಿದ್ದೋಯ್ತು.’

ಎಲ್ಲರೂ ನಕ್ಕೆವು.
ಹಲ್ಲು ಒದ್ದೆ.

ಮತ್ತೆ ಮೊದಲಿನಿಂದ ಶುರುಮಾಡಬೇಕಿತ್ತು.
ಹಿಂದೆ ನಲವತ್ತು ಮಕ್ಕಳ ಸಾಲು, ಊಟದ ಗಂಟೆ,
ಸಾರಿನ ವಾಸನೆ.
ಹತ್ತಿಯಲ್ಲಿ ಒತ್ತಿ ಒರೆಸಿ, ಸೀಲಂಟು ಹರಿಸಿ,
ನೀಲಿ ದೀಪ ಹಿಡಿದು, ‘ಮುಂದಿನವರು’ ಎಂದೆ.

ಮಂಡಿಮೊಹಲ್ಲಾದ ಮನೆಯಲ್ಲಿ ಅಬ್ಬಾ
ಬೀಟೆಯಲ್ಲಿ ಬಿಳಿ ಮರದ ಆನೆ ಕೂರಿಸುವ ಮುನ್ನ
ಕೊರೆದ ಗುಣಿಯ ತಳವನ್ನು ಚಾಕುವಿನಿಂದ ಗೀಚುತ್ತಿದ್ದರು.
ನೋಡಲು ಚೆಂದವಿದ್ದದ್ದನ್ನು ಯಾಕೆ ಕೆಡಿಸುತ್ತೀರಿ ಎಂದರೆ
ಉತ್ತರ ಹೇಳುತ್ತಿರಲಿಲ್ಲ, ಬಾಯಲ್ಲಿ ಮೊಳೆ ಇರುತ್ತಿತ್ತು.

ಮೈಸೂರಿನ ಲ್ಯಾಬಿನಲ್ಲಿ ನನ್ನ ಪ್ರಬಂಧಕ್ಕೆ ಮೂರು ಗುಂಪು:
ಬರೀ ಆಸಿಡ್ಡು; ಆಸಿಡ್ಡಿನ ಮೇಲೆ ಬಾಂಡು;
ಎರಡೂ ತಾನೇ ಎನ್ನುವ ಒಂದೇ ಬಾಟಲಿ.
ನಾಲ್ಕನೆಯದು, ಐದನೆಯದು ಗೈಡಿಗೆ ಹೇಳದ್ದು.
ತಂತಿ ಹಾಕಿಸಲು ಯಾರೋ ಕೀಳಿಸಿಕೊಂಡ ಹಲ್ಲುಗಳನ್ನು
ಬಿಳಿ ಮಾಡಿ, ನನ್ನದೇ ಎಂಜಲು ಮುಟ್ಟಿಸಿ, ಒರೆಸಿ,
ಐದಕ್ಕೆ ಬಾಂಡು ಸವರಿ, ಐದಕ್ಕೆ ಸವರದೆ, ಮುಚ್ಚಿದೆ.
ಐದು ಡಿಗ್ರಿಯ ನೀರು, ಐವತ್ತೈದರ ನೀರು, ಐನೂರು ಸಲ:
ಐಸ್‌ಕ್ಯಾಂಡಿ, ಬಿಸಿ ಸಾರು, ಐಸ್‌ಕ್ಯಾಂಡಿ, ಬಿಸಿ ಸಾರು.
ಆಮೇಲೆ ಒಂದು ದಿನವಿಡೀ ಮೆಥಿಲೀನ್ ನೀಲಿಯಲ್ಲಿ.

ವಜ್ರದ ಚಕ್ರದಲ್ಲಿ ಸೀಳಿ ಮೈಕ್ರೋಸ್ಕೋಪಿಗೆ ಇಟ್ಟೆ.
ಬಾಂಡು ಇದ್ದಲ್ಲಿ ನೀಲಿ ಅಂಚಿನಲ್ಲೇ ತಡೆದು ನಿಂತಿತ್ತು,
ಒಂದರಲ್ಲಿ ಅರ್ಧ ಇಳಿದಿತ್ತು.
ಇಲ್ಲದ ಐದರಲ್ಲಿ
ಮೇಲಿಂದ ಗಾಜಿನಂತೆ ಹೊಳೆಯುವ ಮುಚ್ಚಳ,
ಕೆಳಗೆ ಬಿರುಕಿನ ತಳದವರೆಗೆ, ಇಂಕು ಕುಡಿದ ಬತ್ತಿ.

ಸೋಮವಾರ ಬೆಳಗಿನ ಬಸ್ಸು ಹಿಡಿದೆ.
ಕಬ್ಬಿನ ಟ್ರಾಕ್ಟರುಗಳ ಹಿಂದೆ ಅದು ತೆವಳುತ್ತ ಹೋಯಿತು.
ಜಗಲಿ, ಅದೇ ಕುರ್ಚಿ. ಅವಳು ನನ್ನ ಗುರುತು ಹಿಡಿದು
ಕೇಳುವ ಮುನ್ನವೇ ಬಾಯಿ ತೆರೆದಳು.
ಸೀಲಂಟು ಇತ್ತು. ಸಲಾಕೆಯ ಮೊನೆಗೆ ಎಲ್ಲೂ ತೊಡರಲಿಲ್ಲ.
ಚೆನ್ನಾಗಿಯೇ ಕಂಡಿತು, ಆ ಐದೂ ಕಂಡಂತೆ.
ಅಡಿಯಲ್ಲಿ ಏನಿದೆ ಎಂದು ಸೀಳಿದರೆ ಮಾತ್ರ ತಿಳಿಯುವುದು.
ಇದನ್ನು ಸೀಳುವಂತಿಲ್ಲ.

‘ಕೆರೆದು ತಗ್ದು ಇನ್ನೊಂದ್ಸಲ ಹಾಕ್ತೀನಿ ಪುಟ್ಟ,
ಅವತ್ತು ನಾನು ಅವಸರ ಮಾಡಿದ್ದೆ.’
ಅವಳು ಒಪ್ಪಿದಳು. ಒಂದೇ ಷರತ್ತು,
ಮೊದಲು ನಾನು ಎಣಿಸಬೇಕು.
ಟಾರ್ಚು ಹಿಡಿದು ಎಣಿಸಿದೆ, ಜೋರಾಗಿ.
ಮುಂದೆ, ಕೆಳಗೆ, ಗರಗಸದ ಅಂಚಿನದೊಂದು ಆಗಲೇ ಇಣುಕಿತ್ತು:
ಇಪ್ಪತ್ನಾಲ್ಕು.