ಮತ್ತಿತರರು

ಆಗ ನಾನು ಕಾರವಾರದ ವರದಿಗಾರ.
ಸಂಬಳವಿಲ್ಲ. ಅಚ್ಚಾದದ್ದನ್ನು ತಿಂಗಳ ಕೊನೆಗೆ
ಸ್ಕೇಲಿಟ್ಟು ಅಳೆದು, ಸೆಂಟಿಮೀಟರಿಗೆ ಎರಡು ರೂಪಾಯಿ.

ನಮ್ಮೂರು ಪತ್ರಿಕೆಗೆ ಯಾವಾಗ ಬೇಕಾಗುತ್ತದೆ
ಎಂಬುದು ನನಗೆ ಬಾಯಿಪಾಠ:
ಗುಡ್ಡ ಜರಿದರೆ, ದೋಣಿ ಮಗುಚಿದರೆ,
ತಿಮಿಂಗಿಲವೊಂದು ದಾರಿ ತಪ್ಪಿ ದಡಕ್ಕೆ ಬಂದು ಸತ್ತರೆ.
ತಿಮಿಂಗಿಲಕ್ಕೆ ಹದಿನಾರು ಸೆಂಟಿಮೀಟರು ಸಿಕ್ಕಿತ್ತು,
ಚಿತ್ರ ಬೇರೆ.

ಹುಡುಗಿಯರ ಸಾಫ್ಟ್‌ಬಾಲ್ ಫೈನಲ್ ಇದೆ ಅಂದಾಗ
ಫೋನಿನ ಆಚೆಗೆ ಹೊಸ ಉಪಸಂಪಾದಕ:
"ಅದು ಕ್ರಿಕೆಟ್ಟಾ?"
ಅಲ್ಲ ಅಂದೆ.
"ಹಾಗಾದರೆ ಚಿಕ್ಕದಾಗಿ ಕಳಿಸಿ."

ಮಾಲಾದೇವಿ ಮೈದಾನ. ಡಿಸೆಂಬರಿನ ಸಂಜೆ.
ಬೆಂಗಳೂರಿನವರು ಬಸ್ಸಿನಿಂದ ಇಳಿದರು,
ಒಬ್ಬೊಬ್ಬಳಿಗೂ ಒಂದೊಂದು ಚೀಲ, ಚೀಲದ ಮೇಲೆ ಹೆಸರು.
ನಮ್ಮ ಒಂಬತ್ತು ಜನಕ್ಕೆ ಏಳೇ ಗ್ಲೌಸು.
ಉಳಿದೆರಡನ್ನು ಪಾಳಿ ಬದಲಾದಾಗ
ಎದುರಾಳಿಗಳೇ ಹುಲ್ಲಿನ ಮೇಲೆ ಬಿಟ್ಟು ಹೋಗುತ್ತಿದ್ದರು,
ಯಾರೂ ಕೇಳದೆ.
(ಇದನ್ನೂ ಬರೆದಿದ್ದೆ. ಬರಲಿಲ್ಲ.)

ಬೈತಕೋಲದ ಶೇವಂತಿ ತಾಂಡೇಲ ಚೆಂಡೆಸೆಯುವುದು
ಅವಳಪ್ಪ ಬೀಸುಬಲೆ ಬಿಟ್ಟ ಹಾಗೆ, ಸೊಂಟದಿಂದ.
ಸುಂಕೇರಿಯ ಇನಾಸಿಯಾ ಹಿಂದೆ ಕುಕ್ಕರಗಾಲಲ್ಲಿ ಕೂತು
ಕೊಂಕಣಿಯಲ್ಲಿ ಬೈಯುತ್ತ ಹಿಡಿಯುವುದು.
ಏಳನೆಯ ಇನಿಂಗ್ಸು, ಐದು–ನಾಲ್ಕು,
ಅವರ ಇಬ್ಬರು ಓಡಲು ತಯಾರು, ಇನ್ನೊಂದೇ ಔಟು.
ಸೂರ್ಯ ಸಮುದ್ರಕ್ಕೆ ಎರಡು ಮಾರು ಮೇಲೆ.

ಆ ಹೊಡೆತ ಎತ್ತರ ಹೋಯಿತು.
ಹದ್ದುಗಳು ಪಕ್ಕಕ್ಕೆ ಸರಿದವು.
ಬೇಲಿಯ ಕಡೆ ಹಿಂದೆ ಹಿಂದೆ ಓಡಿದ ಒಬ್ಬ ಹುಡುಗಿ
ಬೆನ್ನಿಗೆ ತಂತಿ ತಾಗಿದಾಗ ನಿಂತು
ಎರಡೂ ಕೈ ಚಾಚಿದಳು,
ಮರದಿಂದ ಬೀಳುವ ಹಲಸಿಗೆ ಕೈಯೊಡ್ಡುವವಳಂತೆ.
ಚೆಂಡು ಬಂತು.
ಕೈಯಲ್ಲೇ ಉಳಿಯಿತು.

ಎಸ್‌ಟಿಡಿ ಬೂತಿನಿಂದ ಎರಡು ಪುಟ ಫ್ಯಾಕ್ಸು,
ಪುಟಕ್ಕೆ ಹದಿನೈದು, ನನ್ನ ಕಿಸೆಯಿಂದ.
ಮರುದಿನ ಹುಬ್ಬಳ್ಳಿ ಬಸ್ಸು ತಂದ ಪತ್ರಿಕೆಯಲ್ಲಿ:
ಬೆಂಗಳೂರಿಗೆ ವೀರೋಚಿತ ಸೋಲು.
ಕೆಳಗೆ ಅವರ ನಾಯಕಿ ನಗುತ್ತಿರುವ ಚಿತ್ರ,
ಯಾವುದೋ ವರ್ಷದ್ದು, ಯಾವುದೋ ಮೈದಾನದ್ದು.
ಸೋತದ್ದು ಯಾರೆದುರು ಎಂಬುದು ನಾಲ್ಕನೆಯ ಸಾಲಿನಲ್ಲಿತ್ತು:
ದಕ್ಷಿಣ ಕನ್ನಡ.

ಗೆದ್ದ ಜಿಲ್ಲೆಯ ದಿಕ್ಕನ್ನೇ ತಿರುಗಿಸಿದ್ದರು!
ಬೂತಿಗೆ ಓಡಿ ಕೂಗಾಡಿದೆ. ಮೀಟರು ಓಡಿತು.
ನಕಾಶೆ ಕೊಳ್ಳಿ ಎಂದೆ, ಸಮುದ್ರ ನಮಗೂ ಇದೆ ಎಂದೆ,
ಘಟ್ಟದ ಮೇಲೆ ಕೂತವರಿಗೆ ಕೆಳಗಿನದು ಕಾಣುವುದೇ ಇಲ್ಲ ಎಂದೆ.
ತಿದ್ದುಪಡಿ ಬಂತು, ಎರಡು ಸಾಲು,
ಚಿನ್ನದ ಧಾರಣೆಯ ಪಕ್ಕ.
ಆ ವಾರವೆಲ್ಲ ಚಹಾದಂಗಡಿಯಲ್ಲಿ
ನಾನು ಅನ್ಯಾಯಕ್ಕೊಳಗಾದ ಮನುಷ್ಯ.

ಶನಿವಾರ ಅಲ್ಲಿಗೇ ಬಂದಳು ಒಬ್ಬಳು, ಸಮವಸ್ತ್ರದಲ್ಲಿ.
"ಪೇಪರಿನಲ್ಲಿ ಬಂದದ್ದು ಬೇಡ ಸರ್.
ನೀವು ಕಳಿಸಿದ್ದು ಉಂಟಲ್ಲ, ಅದು ತೋರಿಸ್ತೀರಾ?"

ಹೆಮ್ಮೆಯಿಂದಲೇ ಬಿಚ್ಚಿ ಕೊಟ್ಟೆ.
ಸಾಲಿನಡಿ ಬೆರಳಿಟ್ಟು ನಿಧಾನ ಓದಿದಳು.
ಶೇವಂತಿಯ ಬೀಸುಬಲೆ ದಾಟಿದಳು, ಇನಾಸಿಯಾಳನ್ನು ದಾಟಿದಳು,
ಮುಖ್ಯ ಅತಿಥಿಗಳ ಭಾಷಣವನ್ನೂ ಬಿಡದೆ ಓದಿದಳು.
ಬೆರಳು ನಿಂತದ್ದು ಕೊನೆಯಲ್ಲಿ:
*ಅಂತಿಮ ಕ್ಯಾಚ್ ಹಿಡಿಯಲಾಯಿತು.
ಮತ್ತಿತರರು ಸಹಕರಿಸಿದರು.*

ನನ್ನದೇ ಅಕ್ಷರ. ಯಾರೂ ಕತ್ತರಿಸಿರಲಿಲ್ಲ,
ಯಾರೂ ಸೇರಿಸಿರಲಿಲ್ಲ.

"ಎಲ್ಲಿಯವಳು ನೀನು?"
"ಜೋಯ್ಡಾ ತಾಲೂಕು, ದಿಗ್ಗಿ.
ಇಲ್ಲಿ ಹಾಸ್ಟೆಲು."
ದಿಗ್ಗಿ ಎಲ್ಲಿ ಎಂದು ಕೇಳಲು ಬಾಯಿ ತೆರೆದವನು
ಚಹಾ ಕುಡಿದೆ.
ಇಪ್ಪತ್ತು ವರ್ಷ ಈ ಜಿಲ್ಲೆಯ ವರದಿಗಾರ.

ಪೆನ್ನು ತೆಗೆದೆ. ಮತ್ತಿತರರು ಹೊಡೆದುಹಾಕಿ
ಅವಳು ಹೇಳಿದ್ದನ್ನು ಮೇಲೆ ಬರೆದೆ,
ಇನ್ನು ಯಾವ ಫ್ಯಾಕ್ಸಿಗೂ ಹೋಗದ ಹಾಳೆಯಲ್ಲಿ:
ಚಂದ್ರಾವತಿ ವೆಳಿಪ.

ಬಗ್ಗಿ ನೋಡಿದಳು.
"ವೇ ದೀರ್ಘ, ಸರ್."
ಎಳೆದೆ.